ಐದನೇ ನಂಬರಿನ ಉಳ್ಳಾಗಡ್ಡಿ

ವಾಡಿ ಜಂಕ್ಷನ್ನಿನ ಕ್ವಾರ್ಟರ್ಸಿನ ಹಿಂದ
ಹನ್ನೊಂದು ಪಟ್ಟಿ ನೆಲ.
ಒಂದೊಂದಕ್ಕೂ ನಂಬರು, ನಡುವ ನಿಲ್ಲಿಸಿದ
ಶಹಾಬಾದಿ ಫರಸಿ, ಮೊಣಕಾಲೆತ್ತರ.
ನಂದು ನಾಲ್ಕು.
ಉದ್ದ ಹತ್ತು ಹೆಜ್ಜಿ;
ಬಸುರಿದ್ದಾಗ ಅಳದರ ಹದಿಮೂರು.

ಮುಂಜಾನೆ ಐದಕ್ಕ ನಳ ಬರತದ, ಐದೂವರಿಗೆ ಹೋಗತದ.
ಅಷ್ಟರಾಗ ಬದನಿ, ಪುಂಡಿ, ಮೆಣಸಿನಗಿಡ,
ಎಲ್ಲಾರ ಮಾರಿ ತೊಳೀಬೇಕು.
ರಾತ್ರಿ ಫ್ಯಾಕ್ಟರಿ ಬಿಟ್ಟ ಸಿಮೆಂಟ್ ಧೂಳು
ಎಲಿ ಮ್ಯಾಲ ಪೌಡರ್ ಹಚ್ಚಿರತದ,
ಮದುವಿಗೆ ಹೊಂಟವರಂಗ.

ಚೈತ್ರ ಹುಟ್ಟಲಿಕ್ಕ ಇನ್ನೂ ಎಂಟು ದಿನ.
ಬೇವು ಮಾತ್ರ ಪಂಚಾಂಗ ನೋಡಿಲ್ಲ;
ಗೂಡ್ಸ್ ಹೋದಾಗೊಮ್ಮೆ ನಡುಗಿ
ತಲಿ ಮ್ಯಾಲ ಹೂ ಉದುರಸತದ.
ಎರಡನೇ ನಂಬರಿನ ಗುಂಡೇರಾಯರ ಕೊತ್ತಂಬರಿ
ಬಿಳಿ ಹೂ ಬಿಟ್ಟು ಕಾಳು ಕಟ್ಟಿ
ಈಗ ಎಲಿ ಕೇಳಿದರ ವಾಸನಿ ಅಷ್ಟೇ ಕೊಡತದ.
ನನ್ನ ಹೀರಿಹೂ ಬ್ಯಾರೆ ಜಾತಿ:
ಹಗಲೆಲ್ಲ ಮುಷ್ಟಿ ಬಿಗಿದು
ಸಂಜಿ ಐದಕ್ಕ ಬಿಚ್ಚತದ,
ನಾ ಗೇಟಿನ ಕೀಲಿ ಇನ್ನೊಬ್ಬರ ಕೈಯಾಗಿಟ್ಟು
ಬರೋ ಹೊತ್ತಿಗೆ.
ಅದಕ್ಕೂ ನನಗೂ ಒಂದೇ ಶಿಫ್ಟು.

ಐದನೇ ಪಟ್ಟಿ ಖಾಜಾಬಿದು.
ಮೂವತ್ತು ವರ್ಷ ರನ್ನಿಂಗ್ ರೂಮಿನಾಗ
ಡ್ರೈವರುಗಳಿಗೆ ರೊಟ್ಟಿ ಬಡಿದಾಕಿ.
ಫರಸಿ ದಾಟಿ ಬಂದ ಆಕಿ ಮಲ್ಲಿಗಿ ನಂದು,
ಫರಸಿ ದಾಟಿ ಹೋದ ನನ್ನ ಸೌತಿ ಆಕಿದು.
ಬರೆದಿಟ್ಟ ಕರಾರೇನಲ್ಲ.
ಒಮ್ಮೆ ಮಾತ್ರ ಜಗಳಾಡಿದ್ವಿ:
ಒಂದು ಕುಂಬಳಕಾಯಿ
ಬರೋಬ್ಬರಿ ಕಲ್ಲಿನ ಮ್ಯಾಲೇ ಕುಂತಿತ್ತು.

ಫೆಬ್ರವರಿ ಕಡೀ ದಿನ ರಿಟೈರಾದಳು.
ಹಾರ, ಶಾಲು, ಸ್ಟೀಲಿನ ಕೊಡ ತಗೊಂಡು
ಯಾದಗಿರಿಗೆ ಮಗಳ ಮನಿಗೆ ಹೋದಳು,
ಉಳ್ಳಾಗಡ್ಡಿ ನೆಲದಾಗೇ ಬಿಟ್ಟು.
"ಇನ್ನೂ ನಿಂತಾವ. ಮಲಗಲಿ"
ಅಂದಿದ್ದಳು ಗಾಡಿ ಅಲುಗುವಾಗ.

ಆ ಪಟ್ಟಿ ಈಗ ಸಾಯಿತೇಜನ ಹೆಸರಿಗೆ.
ಸಿಗ್ನಲ್ ಖಾತೆ,
ಹೈದರಾಬಾದಿನ ಐದನೇ ಮಾಳಿಗಿಯಾಗ ಬೆಳೆದ ಹುಡುಗ,
ಕನ್ನಡ ನಾಲ್ಕು ತಿಂಗಳದ್ದು.
ಆದಿತ್ಯವಾರ ಸಲಿಕಿ, ಕಡ್ಡಿಪೆಟಗಿ ಹಿಡಕೊಂಡು ನಿಂತಿದ್ದ.
ಪಟ್ಟಿ ತುಂಬ ಹಳದಿ ಎಲಿ,
ಕುತ್ತಿಗಿ ಮುರಿದು ನೆಲ ಹಿಡಿದಿದ್ದವು.
"ಅಕ್ಕಾ, ಎಲ್ಲಾ ಸತ್ತೋಗಿದೆ. ಸುಟ್ಟು ಬಿಡ್ಲಾ?"

ಫರಸಿ ದಾಟಿದೆ.
ಹದಿನಾಲ್ಕು ವರ್ಷದಾಗ ಮೊದಲನೇ ಸಲ
ಕಾಲು ಆಚಿ ಇಟ್ಟಿದ್ದು.
ಒಂದು ಜುಟ್ಟು ಹಿಡಿದು ಜಗ್ಗಿದೆ.
ಮಣ್ಣು ಒಲ್ಲೆ ಒಲ್ಲೆ ಅಂತನೇ ಬಿಟ್ಟಿತು.
ಕೆಂಪಗ, ಗುಂಡಗ, ಬೆಚ್ಚಗ,
ಈಗಷ್ಟೇ ಒಲಿ ಮುಂದಿಂದ ಎದ್ದಾಕಿ ಗಲ್ಲದಂಗ.

"ಮಲಗ್ಯಾವ" ಅಂದೆ.
ಕಡ್ಡಿಪೆಟಗಿ ಕಿಸೆಕ್ಕ ಹೋಯಿತು.

ಮಧ್ಯಾಹ್ನತನಕ ಕಿತ್ತಿವಿ.
ಅವ ಎಣಿಸಿದ, ನಾನೂರ ಹನ್ನೆರಡು,
ಡಬ್ಬಿ ಎಣಿಸಿ ಗಾಡಿ ಬಿಡೋರಂಗ.
ಸಣ್ಣವನ್ನ ಎಣಿಸಬ್ಯಾಡ ಅಂದರೂ ಎಣಿಸಿದ.
ಬೇವಿನ ನೆರಳಿಗೆ ಹರವಿದಿವಿ,
ಉಳ್ಳಾಗಡ್ಡಿ ಮ್ಯಾಲೆಲ್ಲ ಬೇವಿನ ಹೂ.
ಒಣಗಿದ ಮ್ಯಾಲ ಅರ್ಧ ಚೀಲ
ಪ್ಯಾಸೆಂಜರಿನ ಗಾರ್ಡ್ ಯೇಸಪ್ಪನ ಕೈಯಾಗ
ಯಾದಗಿರಿಗೆ.

ಮರುದಿನ ಖಾಲಿ ಚೀಲ ವಾಪಸ್ ಬಂತು,
ಘಳಿಗಿ ಮಾಡಿ ಇಟ್ಟದ್ದು.
ಅದರ ಹಿಂದೇ ಫೋನು:
"ಯಾರು ಕಿತ್ತಾರ? ಜುಟ್ಟು ಹೆಂಗ ಕೊಯ್ದಾರ ನೋಡು,
ಒಂದು ಉದ್ದ, ಒಂದು ಮೋಟ.
ಹೋಗಲಿ, ಮಲ್ಲಿಗಿಗೆ ನೀರು ಬೀಳತದೇನ?"

ಕಿಟಕಿಯಾಗಿಂದ ನೋಡಿದೆ.
ಹುಡುಗ ಕೊಡ ಬಗ್ಗಿಸಿ ನಿಂತಿದ್ದ,
ಮಲ್ಲಿಗಿ ಬಿಟ್ಟು,
ಉಳ್ಳಾಗಡ್ಡಿ ಕಿತ್ತ ಖಾಲಿ ಮಡಿಗೆ
ಎಚ್ಚರಿಕಿಲೆ, ಸಾಲು ತಪ್ಪದಂಗ
ನೀರು ಉಣಸತಿದ್ದ.

"ಬೀಳತದ" ಅಂದೆ.