ಜಾಡಿ ವಾಪಸ್ ಬೇಕು

ಬೂಟು ಹೊರಗೆ ಬಿಡು. ಬಾಗಿಲು ಹಾಕು, ಚಳಿ ನುಗ್ಗುತ್ತೆ.
ಕಾಗದದಲ್ಲಿ ಸುತ್ತಿದ್ದೇನು, ಭುಜದ ಮಾಂಸವೋ?
ಹೋದ ವರ್ಷ ಕತ್ತು ಬಂದಿತ್ತು, ಅದರ ಹಿಂದಿನ ವರ್ಷ
ಬರೀ ಮೂಳೆ. ಬಂದೂಕಿಲ್ಲದ ಮನೆಗೂ ಒಂದು ಪಾಲು,
ಬೇಟೆ ತಂಡದ ನೇಮ ಅದು.
ನಿನ್ನಜ್ಜಿಯ ದಯೆಯೇನಲ್ಲ, ತಿಳಿದುಕೋ.

ಕೂತುಕೋ ಮೆಲ್ಕೆರ್. ಕಿವಿ ಥೇಟು ಸೀವ್‌ದೇ,
ಯಾವ ಟೋಪಿಗೂ ಅಡಗದ ಕಿವಿ.

ಬೀಡಿನ ಬಾಣಲೆ ಕಾಯಲಿ, ಆಮೇಲೆ ಬೆಣ್ಣೆ.
ನೊರೆ ಇಳಿದು ಸದ್ದಡಗಿದಾಗ ಮಾಂಸ.
ಒಮ್ಮೆಗೇ ಸುರಿಯಬೇಡ. ತುಂಬಿದ ಬಸ್ಸಿನಲ್ಲಿ
ಯಾರೂ ಕೆಂಪಾಗುವುದಿಲ್ಲ, ಬೆವರುತ್ತಾರೆ ಅಷ್ಟೆ.

ಈ ಎಲ್ಕ್ ಬೇಸಿಗೆಯಿಡೀ ಬರ್ಚ್ ಚಿಗುರು ಮೇಯ್ದಿದೆ,
ಜೌಗಿನಲ್ಲಿ ಮೊಣಕಾಲುದ್ದ ನಿಂತು ನೀರು ಕುಡಿದಿದೆ.
ಮಾಂಸಕ್ಕೂ ಕಾಡಿನ ಗರ್ವ.
ಉಪ್ಪಿನ ಮಾತು ಕೇಳದು, ಮೆಣಸಿಗೆ ಬಗ್ಗದು.
ಬಗ್ಗುವುದು ಒಂದಕ್ಕೇ.
ಆ ಮೇಲಿನ ಹಲಗೆಯ ಜಾಡಿ ಕೊಡು.

ಲಿಂಗನ್ ಹಣ್ಣು. ಬೇಯಿಸಿಲ್ಲ. ಸಕ್ಕರೆ ಹಾಕಿ
ಮರದ ಚಮಚದಲ್ಲಿ ತಿರುವಿದ್ದೇನೆ, ಹಣ್ಣು ತಾನೇ ಸೋಲುವವರೆಗೆ.
ಕೊಳೆಯುವುದಿಲ್ಲ ಇದು. ಬೇರೆ ಹಣ್ಣುಗಳಿಗೆ ಕುದಿ ಬೇಕು,
ಮುಚ್ಚಳಕ್ಕೆ ಮೇಣ ಬೇಕು. ಇದನ್ನು ಇದರ ಹುಳಿಯೇ ಕಾಯುತ್ತೆ.
ನನ್ನ ಹಾಗೇ ಅನ್ನುತ್ತಾರೆ ಊರಲ್ಲಿ. ಗೊತ್ತು ನನಗೆ.

ಅಗೋ ಗೋಡೆ ಮೇಲೆ, ಅಮ್ಮ ಹಣ್ಣು ಬಾಚುತ್ತಿದ್ದ ಮರದ ಡಬ್ಬ.
ಬಾಚಣಿಗೆಯಂಥ ಹದಿನಾರು ಹಲ್ಲು, ಒಂದು ಮುರಿದಿದೆ.
ಮನೆ ಹಂಚಿಕೊಂಡೆವು, ಕಾಡು ಹಂಚಿಕೊಂಡೆವು,
ಬೆಳ್ಳಿ ಚಮಚ ಎಣಿಸಿ ಹಂಚಿಕೊಂಡೆವು, ಒಂದು ಮಾತು ಮೇಲಾಗದೆ.
ಹದಿನೈದು ಹಲ್ಲಿಗೆ ಹತ್ತೊಂಬತ್ತು ವರ್ಷ.
ಗೆದ್ದದ್ದು ನಾನೇ. ಗೆದ್ದ ದಿನದಿಂದ
ಅದನ್ನು ಮುಟ್ಟಿಲ್ಲ. ಕೈಯಲ್ಲೇ ಕೀಳುತ್ತೇನೆ, ಒಂದೊಂದೇ.
ನಡುವೆ ಯಾರೋ ಹುಳಿ ಹಿಂಡಿದರು ಅನ್ನುತ್ತಾರೆ ಜನ.
ಯಾರು ಬರುತ್ತಾರೆ ಇಷ್ಟು ದೂರ, ಹಿಂಡುವುದಕ್ಕೆ?

ಏನಂದೆ?
ಜೋರಾಗಿ ಹೇಳು, ಬೆಣ್ಣೆ ಚಟಪಟ ಅನ್ನುತ್ತಿದೆ.
ಉಮೆಓ ಆಸ್ಪತ್ರೆಗಾ? ಯಾವಾಗಿನಿಂದ?
ಎಷ್ಟು ಸಲ?
ಹೂಂ.
ಊಟವೆಲ್ಲ ರಟ್ಟಿನ ಹಾಗಿದೆಯಂತಾ. ಕಾಫಿ ಕೂಡ.
ಕಾಫಿ ಕೂಡ.

ನೋಡು, ಈರುಳ್ಳಿ ತಳ ಹಿಡಿಯಿತು. ಇರಲಿ,
ತಳದ ಕಂದು ಕೆರೆದರೇ ಗೊಜ್ಜಿಗೆ ಬಣ್ಣ.
ಜೂನಿಪರ್ ಕಾಯಿ ಐದು, ಚಾಕುವಿನ ಹಿಡಿಯಲ್ಲಿ ಜಜ್ಜು.
ಕೆನೆ. ಉರಿ ಸಣ್ಣ ಮಾಡು. ಈಗ ಲಿಂಗನ್,
ಎರಡು ಚಮಚ ಅನ್ನುತ್ತಾರೆ ತಿಳಿದವರು.
ನಾಲ್ಕು ಹಾಕು. ಇನ್ನೊಂದು. ನಿಲ್ಲಿಸಬೇಡ.
ಕೆನೆ ಒಡೆದರೆ ಒಡೆಯಲಿ.
ಮಲಗಿದ ನಾಲಿಗೆಯ ಕದ ಬಡಿಯುವುದು
ಸಿಹಿಯ ಕೈಲಾಗುವ ಕೆಲಸವಲ್ಲ.

ಸಣ್ಣವಳಿದ್ದಾಗ ಅವಳು, ನಿನಗಿಂತ ಸಣ್ಣವಳು,
ಹಸಿ ಲಿಂಗನ್ ಹಿಡಿ ತುಂಬ ಬಾಯಿಗೆ ಹಾಕಿ
ಮುಖ ಕಿವುಚದೆ ನಿಲ್ಲುತ್ತಿದ್ದಳು, ಪಂದ್ಯ ಕಟ್ಟಿ.
ಕಣ್ಣಲ್ಲಿ ನೀರು, ಮುಖ ಮಾತ್ರ ಕಲ್ಲು.
ಪ್ರತಿ ಸಲವೂ ಐವತ್ತು ಓರೆ ಕಳೆದುಕೊಂಡಿದ್ದೇನೆ.

ನೀನು ತಿಂದೇ ಹೋಗು, ಆಲೂಗಡ್ಡೆ ಬೆಂದಿದೆ.
ಅವಳ ಪಾಲು ಈ ಪಾತ್ರೆಯಲ್ಲಿ, ಬಟ್ಟೆ ಸುತ್ತಿದ್ದೇನೆ.
ಬರೀ ಹಣ್ಣು ಬೇರೆ, ಜಾಡಿಯಲ್ಲಿ.
ನಾನು ಕಳಿಸಿದೆ ಅನ್ನಬೇಡ.
ಅನ್ನು, ಬೇಕಾದರೆ.
ಮುಖ ಕಿವುಚಿದಳಾ ನೋಡಿ ಬಾ, ಅಷ್ಟು ಸಾಕು.
ಕಿವುಚಿದರೆ ಐವತ್ತು ಓರೆ ನನಗೆ ಬರಬೇಕು.

ಮತ್ತೆ, ಜಾಡಿ ವಾಪಸ್ ಬೇಕು.
ನಿನ್ನ ಕೈಯಲ್ಲಲ್ಲ.