ಬಣ್ಣದ ಕೆಳಗ

ಕೇಶ್ವಾಪುರ, ಎರಡನೇ ಮಾಳಗಿ, ಫ್ಯಾನ್ ಗರಗರ.
ಸುರೇಖಾಬಾಯಿ ಬಾಕಳೆ ಬೂಟು ಬಿಚ್ಚಿ ಕಾಲು ಚಾಚ್ಯಾರ.
ಗದಗ ಬಸ್ಸಿನ ಕಂಡಕ್ಟರು; ಮೂರು ಟ್ರಿಪ್ಪಿನ ಬೆವರು
ಸಾಕ್ಸಿನ ನೂಲು ನೂಲಿಗೂ.

ಹತ್ತೂ ಉಗುರಿಗೆ ಅಸಿಟೋನಿನ ಹತ್ತಿ, ಮ್ಯಾಲೆ ಬೆಳ್ಳಿ ಹಾಳಿ,
ಬೀಡಾ ಕಟ್ಟಿದಂಗ ಒಂದೊಂದು ಪೊಟ್ಟಣ.
ಹನ್ನೆರಡು ನಿಮಿಷ.
ಅಷ್ಟರಾಗ ಅಣ್ಣಿಗೇರಿಯೊಳಗ ಇಳಿದಾಂವ ಒಬ್ಬ
ಎರಡು ರೂಪಾಯಿ ಚಿಲ್ಲರೆಗೆ ಜೀವ ತಿಂದ ಕತಿ.

ಕೆಂಪು ಸುಲಿದು ಬಂತು, ಒಂಬತ್ತರದು ಸರಳ.
ಎಡಗಾಲ ಹೆಬ್ಬೆರಳಿನ್ಯಾಗ
ಉಗುರು ಸರಿದ ಹಂಚಿನಂಗ ಎದ್ದು ನಿಂತೈತಿ,
ಅಡಿಗೆ ನಿಂತ ನೀರಿನ ಹಸಿರು,
ತುದಿಗೆ ಹಿಟ್ಟಿನಂಥ ಪುಡಿ.

ಅವರು ನೋಡಿದರು. ನಾ ನೋಡಿದೆ.

“ಮುಚ್ಚಿಬಿಡವಾ. ನಾಡಿದ್ದು ನಾದಿನಿ ಮಗಳ ನಿಶ್ಚಯ.
ಎರಡು ಕೈ ದಪ್ಪ ಹಚ್ಚಿದ್ರ ಆತು.”

ಹಚ್ಚಬಹುದಿತ್ತು. ನಾನೂರ ಐವತ್ತು ರೂಪಾಯಿ.
ಹೋದ ಸಲ ಹಚ್ಚಿದ್ದೂ ಇದೇ ಕೈ.
ಆವಾಗ ಮೂಲ್ಯಾಗೊಂದು ಬಿಳಿ ಚುಕ್ಕಿ,
ಕಂಡಿತ್ತು ನನಗ.
ಕಂಡೂ, ನೀಲಿ ದೀಪದ ಕೆಳಗ ಕಾಲು ಇಡ್ರಿ ಅಂದಿದ್ದೆ.

“ಇಲ್ರೀ ಬಾಯಾರ. ಇವತ್ತ ಯಾವ ಉಗುರಿಗೂ ಬಣ್ಣ ಇಲ್ಲ.
ಚರ್ಮದ ಡಾಕ್ಟರಿಗೆ ತೋರಸ್ರಿ. ಬೂಟಿಗೆ ಬಿಸಿಲು ತೋರಸ್ರಿ.”
ಬಿಳಿ ಚುಕ್ಕಿ ಮಾತು ಗಂಟಲಿಗೆ ಬಂದು ಕುಂತಿತು,
ಇಳೀಲಿಲ್ಲ, ಹತ್ತಲಿಲ್ಲ.
ಉಜ್ಜಿದ ಫೈಲು ಮುರಿದು ಬುಟ್ಟಿಗೆ ಒಗೆದೆ.

ಒಂದು ಗಳಿಗಿ ಮುಖ ಬಿಗಿಯಿತು ಅವರದು. ಆಮ್ಯಾಲೆ ನಕ್ಕರು:
“ಟಿಕೆಟ್ ಇಲ್ಲದಾಂವನ್ನ ಇಳಿಸಿದಂಗ
ನಡು ದಾರ್ಯಾಗ ಇಳಿಸಿದೆಲ್ಲ ನನ್ನ!”

ರೊಕ್ಕ ಬ್ಯಾಡ ಅಂದೆ. ಕೇಳಲಿಲ್ಲ.
ಬಿಚ್ಚಿದ ಕೂಲಿ ನೂರು, ಚರ್ಮದ ಚೀಲದಿಂದ
ಹತ್ತರ ಹತ್ತು ನಾಣ್ಯ ಎಣಿಸಿ ಇಟ್ಟರು,
ಇನ್ನೂ ಬೆಚ್ಚಗಿದ್ದುವು.