ಅಡ್ಡಗೀಟು

ದಿನಕ್ಕೆ ಆರುನೂರು, ಮಧ್ಯಾಹ್ನದ ಊಟ ನಮ್ಮದೇ.
ಹಳೇ ಟಾಕೀಸಿನ ಹತ್ತಿರ, ರೈಲ್ವೆ ಗೇಟಿಗೆ ಮುಖಮಾಡಿ
ಮುಚ್ಚಿದ ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ
ಒಂದು ಪ್ಯಾಡು, ಎರಡು ಪೆನ್ನು, ನಾನು.
ದಾವಣಗೆರೆಗೆ ಮೆಟ್ರೋ ಹೊಂದುತ್ತದೋ ಇಲ್ಲವೋ
ಎಣಿಸಿ ಹೇಳಬೇಕಂತೆ.

ಎಣಿಕೆ ನನಗೆ ಹೊಸದಲ್ಲ. ಹದಿನೇಳು ವರ್ಷ
ಮಿಲ್ಲಿನಲ್ಲಿ ಹತ್ತಿಯ ಬೇಲು ಎಣಿಸಿದ ಕೈ.
ಬೇಲು ಮಾತಾಡುವುದಿಲ್ಲ.
ಇಲ್ಲಿ ಗಾಡಿ ನಿಧಾನ ಮಾಡಿ ಕೇಳುತ್ತಾರೆ,
"ಏನ್ ಮುರಿಗೆಪ್ಪಣ್ಣ, ಇಲ್ಯಾಕೆ ಕುಂತೀಯ?"
ಉತ್ತರ ಹೇಳಿ ಮುಗಿಸುವಷ್ಟರಲ್ಲಿ
ಆರು ಸ್ಕೂಟರು ಲೆಕ್ಕ ತಪ್ಪಿಸಿ ಮಂಡಿಪೇಟೆ ಸೇರಿರುತ್ತವೆ.

ನಾಲ್ಕು ನಿಂತ ಗೀಟು, ಐದನೆಯದು ಅಡ್ಡ.
ನಾಲ್ಕು ಜನ ನಿಂತಿದ್ದಾರೆ, ಗೇಟು ಬಿದ್ದಿದೆ.
ಹಾಳೆ ತುಂಬ ಅದೇ ಚಿತ್ರ,
ತಲೆ ಎತ್ತಿದರೂ ಅದೇ.

ಶ್ರೀಕರ ಸಾಹೇಬರು ಹೊಂಗೆಯ ನೆರಳಲ್ಲಿ ಕಾರು ನಿಲ್ಲಿಸಿ ತಿಳಿಸಿದರು:
ಊರಿಗೂ ಮೈಯಳತೆ ಇದೆ.
ಇಷ್ಟು ಲಕ್ಷಕ್ಕೆ ಬಸ್ಸು, ಇನ್ನಿಷ್ಟಕ್ಕೆ ಬಸ್ಸಿಗೇ ಬೇರೆ ದಾರಿ,
ಅದನ್ನೂ ಮೀರಿದರೆ ಕಂಬದ ಮೇಲೆ ಹಳಿ.
ಹಳಿಗೆ ತಾಸಿಗಿಷ್ಟು ಸಾವಿರ ತಲೆ ಬೇಕು,
ಅದೂ ಒಂದೇ ದಿಕ್ಕಿಗೆ.
ಒಂದೇ ದಿಕ್ಕಿಗೆ!
ಈ ಊರು ಒಟ್ಟಾಗಿ ಒಂದು ದಿಕ್ಕಿಗೆ ಹೋಗುವುದು
ಯಾರದಾದರೂ ಮಣ್ಣಿಗೆ ಮಾತ್ರ, ಸಾರ್, ಅಂದೆ.
ನಗಲಿಲ್ಲ, ಬರೆದುಕೊಂಡರು.

ಎರಡನೆಯ ದಿನ ಬಿಳಿ ಅಂಗಿಯವನೊಬ್ಬ ಟೀ ಕೊಡಿಸಿದ.
"ಒಂದಕ್ಕೆರಡು ಗೀಟು ಹಾಕಣ್ಣ, ನಿಮ್ಮಪ್ಪನ ಗಂಟೇನು ಹೋಗುತ್ತೆ?
ನಮ್ಮೂರಿಗೂ ಒಂದು ಬರ್ಲಿ."
ಟೀ ಚೆನ್ನಾಗಿತ್ತು.
ಸುಳ್ಳೇಕೆ, ಹಾಕಿದೆ. ಒಂದು ತಾಸು.

ಗೇಟಿನ ಮುಂದೆ ನಿಂತ ಒಬ್ಬೊಬ್ಬರ ಪಕ್ಕದಲ್ಲೂ
ಇಲ್ಲದವನೊಬ್ಬ ಬಂದು ನಿಂತ.
ನೋಡಿದರೆ ಎಲ್ಲ ಗುರುತಿನವರೇ:
ಸ್ಪಿನ್ನಿಂಗಿನ ಖಾಸಿಂ, ಬ್ಲೋರೂಮಿನ ತಿಪ್ಪೇಶಿ,
ಎರಡು ಬೆರಳಿಲ್ಲದ ಹಾಲಪ್ಪ.
ಮೂರೂವರೆಯ ಸೈರನ್ನಿಗೆ
ಹುಬ್ಬಿನ ಮೇಲೆ ಹತ್ತಿ ಹೊತ್ತುಕೊಂಡು
ಸೈಕಲ್ಲಿನ ಮೇಲೆ, ಕಾಲ ಮೇಲೆ,
ಒಂದೇ ದಿಕ್ಕಿಗೆ ಬರುತ್ತಿದ್ದವರು.
ಆಗ ಎಣಿಸಬೇಕಿತ್ತು ಸಾಹೇಬರೇ.
ಆಗ ನಮ್ಮಲ್ಲೂ ಇತ್ತು ಆ ಥರದ ಒಂದು ತಾಸು.

ಹಾಳೆ ಹರಿದೆ.
ಬೆಳೆಯುವ ಹುಡುಗನಿಗೆ ಅಂಗಿ ಒಂದು ಗೇಣು ಹೆಚ್ಚೇ ಹೊಲಿಸುತ್ತೇವೆ,
ಒಪ್ಪಿದೆ. ಗೇಣು.
ಸತ್ತವರನ್ನೂ ಸೇರಿಸಿ ಅಳತೆ ಕೊಟ್ಟರೆ
ಹುಡುಗ ತೋಳಿನಲ್ಲೇ ಕಳೆದುಹೋಗುತ್ತಾನೆ.

ಮೂರನೆಯ ದಿನ, ಇನ್ನೂ ಬೆಳಕು ಹರಿದಿಲ್ಲ,
ಮಂಡಕ್ಕಿ ಭಟ್ಟಿಗೆ ಹೊರಟ ಬೀಬಿಜಾನ್
ಬಿದ್ದ ಗೇಟಿನ ಕೆಳಗೆ ನುಸುಳಿ ಈಚೆ ಬಂದು ಕೇಳಿದಳು,
"ನನ್ನ ಬರ್ಕಂಡ್ರಾ?"
ಕಾರು, ಆಟೋ, ಬಸ್ಸು, ಲಾರಿ, ಎರಡು ಚಕ್ರ,
ಎತ್ತಿನ ಗಾಡಿಗೂ ಒಂದು ಕಾಲಂ.
ನಡೆಯೋರಿಗೆ ಇಲ್ಲಮ್ಮ, ಅಂದೆ.
"ಅಂಗಾದ್ರೆ ಇಪ್ಪತ್ತು ವರ್ಸದಿಂದ
ನಾನು ದಾಟ್ತಿರೋದು ಯಾವೂರ್ನಾಗೆ?"
ಆಮೇಲೆ, ಸೆರಗಿನ ಬೂದಿ ಕೊಡವುತ್ತ,
"ಆಕಾಸದಾಗೆ ಬ್ಯಾಡ. ಐದಕ್ಕೊಂದು ಬಸ್ ಬಿಡಾಕೆ ಯೋಳ್ರಿ,
ಆಜಾದ್ ನಗರದ ಮಟ್ಟ ಬರ್ಲಿ ಸಾಕು."

ಹಾಳೆಯ ಅಂಚಿನಲ್ಲಿ ಜಾಗ ಮಾಡಿ ಗೀಟೆಳೆದೆ.
ಅವಳ ಹಿಂದೆ ಮತ್ತೂ ಮೂವರು ಹೆಂಗಸರು, ಬುತ್ತಿ ಹಿಡಿದ ಹುಡುಗ.
ಐದಾಯಿತು. ಅಡ್ಡ ಎಳೆಯಲು ಪೆನ್ನು ಊರಿದವನು
ಯಾರನ್ನು ಮಲಗಿಸಲಿ ಎಂದು ತಿಳಿಯದೆ
ಐದನ್ನೂ ನಿಂತಂತೆಯೇ ಬಿಟ್ಟೆ.
ಕೂಡಿಸುವವರಿಗೆ ತೊಂದರೆಯಾಗಿರಬೇಕು.

ಸಂಜೆ ಕೈಗೆ ಬಂದದ್ದು ಹದಿನೇಳು ನೂರು.
ಹರಿದ ಹಾಳೆಗೆ ನೂರು ಹಿಡಿದರು.